ಡ್ಯಾಶ್‌ಬೋರ್ಡಿನೊಳಗಿನ ಸೀರೆ

ನಮ್ಮ ಕಾರಿನಲ್ಲಿ ಇಲಿ ಸೇರಿಕೊಂಡಿದೆ ಎಂದು ಮೊದಲು ಹೇಳಿದವಳು ಅವ್ವ.

ಬೆಳಗಾವಿಯ ಶಹಾಪುರದಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ಅಪ್ಪ ಹೋದ ಮೇಲೆ ಅದನ್ನು ನಾನೂ ಅವ್ವನೂ ನಡೆಸುತ್ತಿದ್ದೇವೆ. ಖಾನಾಪುರದಲ್ಲಿ ಹಳೆಯ ಗಿರಾಕಿಗಳಿದ್ದಾರೆ. ವಾರಕ್ಕೊಂದು ಸಲ ಸೀರೆಯ ಗಂಟುಗಳನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಅಲ್ಲಿಗೆ ಹೋಗುತ್ತೇವೆ. ಗಾಡಿ ಓಡಿಸುವವಳು ನಾನು, ಪಕ್ಕದ ಸೀಟಿನಲ್ಲಿ ಅವ್ವ. ಕಾರು ಸೆಕೆಂಡ್ ಹ್ಯಾಂಡ್. ಊರಲ್ಲೇ ಒಬ್ಬ ವ್ಯಾಪಾರಿಯ ಹತ್ತಿರ ತೆಗೆದುಕೊಂಡದ್ದು. ಬಿಳಿ ಬಣ್ಣ, ಒಂದು ಗೀರೂ ಇರಲಿಲ್ಲ.

ಖಾನಾಪುರದ ದಾರಿಯಲ್ಲಿ ದೇಸೂರ ದಾಟಿ ರಸ್ತೆ ಕೆಟ್ಟಿರುವ ಕಡೆ ಗಾಡಿ ಕುಲುಕಿದರೆ ಡ್ಯಾಶ್‌ಬೋರ್ಡಿನ ಒಳಗಿನಿಂದ ಒಂದು ಸದ್ದು ಬರುತ್ತಿತ್ತು. ಕಬ್ಬಿಣ ಬಡಿದ ಸದ್ದಲ್ಲ, ಮೆತ್ತಗಿನದು. ನನಗೆ ಅದು ಕೇಳಿಸುವುದಕ್ಕೇ ಬಹಳ ದಿನ ಬೇಕಾಯಿತು. ಅವ್ವನ ಮೊಣಕಾಲ ಮುಂದೆಯೇ ಆಗುತ್ತಿದ್ದುದರಿಂದ ಅವಳಿಗೆ ಚೆನ್ನಾಗಿ ಕೇಳುತ್ತಿತ್ತು.

“ಒಳಗ ಯಾರೋ ಮಗ್ಗಲಾ ಬದಲಿಸಿದಂಗ ಆಗತೈತಿ ನೋಡ,” ಎಂದಳು ಒಂದು ದಿನ.

“ಇಲಿ ಇರಬೇಕಂತ ನೀನ ಹೇಳಿದ್ದಿ ಅಲ್ಲಬೇ?”

“ಇಲಿ ಆದ್ರ ಓಡತೈತಿ. ಇದು ಓಡೂದಿಲ್ಲ. ಸಾವಕಾಶ ಹೊಳ್ಳತೈತಿ.”

ಆದರೂ ಸಮಾಧಾನಕ್ಕೆಂದು ಬೋನು ತಂದು, ಅದರಲ್ಲಿ ಭಜಿಯ ತುಂಡು ಸಿಕ್ಕಿಸಿ, ರಾತ್ರಿ ಸೀಟಿನ ಕೆಳಗಿಟ್ಟೆ. ಬೆಳಿಗ್ಗೆ ಭಜಿ ಹಾಗೇ ಇತ್ತು. ಎಷ್ಟು ಸಲ ಇಟ್ಟರೂ ಹಾಗೇ ಇತ್ತು.

ಮಳೆಗಾಲ ಶುರುವಾಗುವ ಮುಂಚೆ ಗಾಡಿಯನ್ನು ಸರ್ವಿಸಿಗೆಂದು ಶೋರೂಮಿಗೆ ಬಿಟ್ಟೆ. ಅಲ್ಲಿಯವರೆಗೆ ಓಣಿಯ ಗ್ಯಾರೇಜಿನಲ್ಲೇ ಮಾಡಿಸುತ್ತಿದ್ದೆ. ಕೌಂಟರಿನಲ್ಲಿದ್ದ ಹುಡುಗ ಚಾಸಿ ನಂಬರನ್ನು ಕಂಪ್ಯೂಟರಿಗೆ ಹಾಕಿ, ಪರದೆಯನ್ನು ಇನ್ನೊಮ್ಮೆ ಓದಿದ.

“ಮೇಡಂ, ನಿಮ್ಮ ಗಾಡಿಗೆ ರೀಕಾಲ್ ಐತ್ರಿ. ಭಾಳ ದಿನದಿಂದ ಬಾಕಿ ಐತಿ. ನಿಮಗ ಮೆಸೇಜ್ ಬಂದಿಲ್ಲೇನ್ರಿ?”

ಬಂದಿರಲಿಲ್ಲ. ಮೊದಲಿನ ಮಾಲಕರ ಫೋನ್ ನಂಬರೇ ಕಂಪನಿಯಲ್ಲಿ ಉಳಿದಿತ್ತು. ರೀಕಾಲ್ ಎಂದರೇನು ಎಂದು ಕೇಳಿದೆ. ತಯಾರಾಗುವಾಗಲೇ ತಪ್ಪಾದ ಭಾಗವನ್ನು ಕಂಪನಿಯೇ ಗಾಡಿ ತರಿಸಿಕೊಂಡು, ಬಿಟ್ಟಿಯಾಗಿ ಬದಲಿಸಿ ಕೊಡುವುದು ಎಂದ. ನಮ್ಮದರಲ್ಲಿ ತಪ್ಪಿದ್ದುದು ಏರ್‌ಬ್ಯಾಗಿನಲ್ಲಿ.

“ಚೀಲ ಉಬ್ಬಸಾಕ ಒಳಗ ಒಂದು ಕಬ್ಬಿಣದ ಡಬ್ಬಿ ಇರತೈತ್ರಿ. ಅದರಾಗ ಪಟಾಕಿಯಂಥಾ ಮದ್ದ. ಹಸಿ ಹವಾಕ್ಕ ಆ ಮದ್ದ ಕೆಡತೈತಿ. ಗಾಡಿ ಎಲ್ಲ್ಯರೆ ಬಡೀತಂದ್ರ ಚೀಲ ಉಬ್ಬೂದರ ಜೋಡಿ ಡಬ್ಬೀನೂ ಒಡದು, ಚೂರು ಮೈಮ್ಯಾಲ ಹಾರತಾವ್ರಿ.” ಕುತ್ತಿಗೆಯ ಕಡೆ ಕೈ ತಂದು, ನನ್ನ ಮುಖ ನೋಡಿ, ಕೈ ಇಳಿಸಿದ. “ಹೊಸ ಡಬ್ಬಿ ಬರೂತನಾ ಮುಂದಿನ ಸೀಟಿನ್ಯಾಗ ಯಾರನ್ನೂ ಕುಂಡ್ರಸಬ್ಯಾಡ್ರಿ.”

ಅಂದಿನಿಂದ ಅವ್ವ ಹಿಂದೆ, ಗಂಟುಗಳ ನಡುವೆ. ನಾನು ಮುಂದೆ ಒಬ್ಬಳೇ. ಕೆಟ್ಟದ್ದು ಎರಡು ಡಬ್ಬಿ, ಒಂದು ಅವ್ವನ ಸೀಟಿನ ಮುಂದೆ, ಇನ್ನೊಂದು ನನ್ನ ಸ್ಟೇರಿಂಗಿನ ಹೊಟ್ಟೆಯಲ್ಲಿ. ಓಡಿಸದೆ ಇದ್ದರೆ ವ್ಯಾಪಾರ ನಡೆಯದು. ಹಾಗಾಗಿ ಸ್ಟೇರಿಂಗಿನ ಅಂಚನ್ನಷ್ಟೇ ಹಿಡಿದು, ಬೆನ್ನನ್ನು ಸೀಟಿಗೆ ಒತ್ತಿ, ದೂರ ಕುಳಿತು ಓಡಿಸುತ್ತಿದ್ದೆ. ಮುಂದಿನ ಟ್ರಕ್ಕು ಬ್ರೇಕು ಹಾಕಿದರೆ ಗಲ್ಲವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಖಾಲಿ ಸೀಟಿನ ಎದುರು ಆ ಮೆತ್ತಗಿನ ಸದ್ದು ಮಾತ್ರ ನಿಂತಿರಲಿಲ್ಲ. ಡಬ್ಬಿ ಸಡಿಲವಾಗಿದೆಯೇನೋ ಎಂದುಕೊಂಡೆ.

ಮಳೆ ಜೋರಾದ ಮೇಲೆ ಡಬ್ಬಿಗಳು ಬಂದವೆಂದು ಶೋರೂಮಿನಿಂದ ಫೋನ್ ಬಂತು. ನಾನೂ ಅವ್ವನೂ ಹೋದೆವು. ಕಾಯುವ ಕೋಣೆಯಲ್ಲಿ ಗಾಜಿನ ಗೋಡೆ. ಅದರಾಚೆ ನಮ್ಮ ಗಾಡಿ ನಿಂತಿತ್ತು. ಸ್ವಲ್ಪ ಹೊತ್ತಿಗೆ ಅದರ ಸುತ್ತ ನಾಲ್ಕೈದು ಜನ ಸೇರಿದರು. ಎಲ್ಲರೂ ಒಳಗೆ ಬಗ್ಗಿ ನೋಡುತ್ತಿದ್ದರು. ಆಮೇಲೆ ಕೌಂಟರಿನ ಹುಡುಗ ಬಂದ.

“ಮೇಡಂ, ಸ್ವಲ್ಪ ಒಳಗ ಬರ್ರಿ.”

ಪಕ್ಕದ ಸೀಟಿನ ಎದುರಿನ ಮುಚ್ಚಳ ತೆಗೆದಿದ್ದರು. ಏರ್‌ಬ್ಯಾಗು ಇರಬೇಕಾದ ಜಾಗದಲ್ಲಿ ಒಂದು ಸೀರೆಯಿತ್ತು.

ಇಡೀ ಸೀರೆಯಲ್ಲ, ಅರ್ಧ. ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದರು. ಕುಂಕುಮ ಬಣ್ಣದ ಒಡಲು, ಹಸಿರು ಅಂಚು. ಸುಮ್ಮನೆ ತುರುಕಿದ್ದಲ್ಲ, ಅಂಚಿಗೆ ಅಂಚು ಕೂಡಿಸಿ, ಅಂಗಡಿಯಲ್ಲಿ ನಾವು ಮಡಚುತ್ತೇವಲ್ಲ, ಹಾಗೆ ಘಡಿ ಮಾಡಿ ಇಟ್ಟಿದ್ದರು. ಸ್ಟೇರಿಂಗಿನ ಮುಚ್ಚಳವನ್ನೂ ತೆಗೆಯಿರಿ ಎಂದೆ. ತೆಗೆದರು. ಅದರೊಳಗೆ ಅದೇ ಸೀರೆಯ ಇನ್ನೊಂದು ತುಂಡು, ಅಂಗೈಯಗಲಕ್ಕೆ ಮಡಚಿದ್ದು.

ಎಷ್ಟು ದಿನ ಅದರ ಮೇಲೆ ಕೈಯಿಟ್ಟು ಓಡಿಸಿದ್ದೆ!

“ಏರ್‌ಬ್ಯಾಗ ಎರಡೂ ಇಲ್ಲರೀ,” ಎಂದ ಹುಡುಗ. “ಮೊದಲ ಒಮ್ಮೆ ಎಲ್ಲೋ ಬಡದು ಒಡದಾವ. ಯಾರೋ ಬಟ್ಟಿ ಇಟ್ಟು ಮುಚ್ಯಾರ. ಮೀಟರಿನ್ಯಾಗ ಕೆಂಪ ದೀಪ ಹತ್ತಬಾರದಂತ ವೈರನೂ ತಿದ್ಯಾರ.”

ಅವ್ವ ಸೀರೆಯನ್ನು ಮೂಗಿನ ಹತ್ತಿರ ಹಿಡಿದಳು. “ಇದು ಉಟ್ಟ ಸೀರಿ. ಹೊಸಾದಲ್ಲ,” ಎಂದು ಅದನ್ನು ಅಲ್ಲೇ ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರಸಿಕೊಂಡಳು.

ಹಳೆಯ ಡಬ್ಬಿ ಬಿಚ್ಚಿ ಕಳಿಸಿದರೆ ಮಾತ್ರ ಹೊಸದು ಹಾಕಬೇಕೆಂಬುದು ರೀಕಾಲಿನ ನಿಯಮ. ನಮ್ಮಲ್ಲಿ ಹಳೆಯದೇ ಇರಲಿಲ್ಲ. ಕಂಪನಿಗೆ ಬರೆದು ಕೇಳುತ್ತೇವೆ ಎಂದರು. ಮನೆಗೆ ಬರುವ ದಾರಿಯಲ್ಲಿ ಅವ್ವ ಹಿಂದಿನಿಂದ ಹೇಳಿದಳು:

“ಈ ಸೀಟಿನ್ಯಾಗ ಯಾರ ಕುಂತಿದ್ರು, ಅವರು ಬದುಕ್ಯಾರೋ ಸತ್ತಾರೋ ಕೇಳ್ಕೊಂಡ ಬರೂಣು. ಇಲ್ಲಂದ್ರ ನಾ ಇನ್ನ ಈ ಗಾಡಿ ಹತ್ತಂಗಿಲ್ಲ.”

ನನಗೂ ಅದನ್ನು ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಶೋರೂಮಿನ ದಾಖಲೆಯಲ್ಲಿದ್ದ ಹಳೆಯ ಮಾಲಕರ ವಿಳಾಸ ಖಾನಾಪುರದ್ದೇ. ನಾವು ಸೀರೆ ಮಾರುವ ಓಣಿಗಳಿಂದ ಬಹಳ ದೂರವೇನಿರಲಿಲ್ಲ.

ಹೋದ ದಿನ ಮಧ್ಯಾಹ್ನವೇ ಮಂಜು ಕವಿದಿತ್ತು. ಎದುರು ಬರುವ ಗಾಡಿಗಳ ದೀಪ ಮೊದಲು ಕಾಣುತ್ತಿತ್ತು, ಗಾಡಿ ಆಮೇಲೆ. ದೇಸೂರ ದಾಟಿದ ಮೇಲೆ ಗುಂಡಿಗಳು ಬಂದವು, ಗಾಡಿ ಕುಲುಕಿತು, ಸದ್ದಾಗಲಿಲ್ಲ. ಸೀರೆ ಶೋರೂಮಿನಲ್ಲೇ ಉಳಿದಿತ್ತಲ್ಲ. ಆ ಸದ್ದಿಗಿಂತ ಸದ್ದಿಲ್ಲದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಕನ್ನಡಿಯಲ್ಲಿ ಅವ್ವನನ್ನು ನೋಡಿದೆ. ಅವಳು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಖಾಲಿ ಸೀಟಿನ ಕಡೆ ನೋಡುತ್ತಿದ್ದಳು.

ಹಂಚಿನ ಮನೆ. ಬಾಗಿಲು ತೆರೆದವರು ವಯಸ್ಸಾದ ಗಂಡಸು. ಮೊದಲು ಮರಾಠಿಯಲ್ಲಿ ಮಾತಾಡಿಸಿ, ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದರು. ಓಣಿಯಲ್ಲಿ ನಿಂತ ಗಾಡಿಯನ್ನು ಕಂಡವರು ಹೊಸ್ತಿಲ ಹೊರಗೆ ಕಾಲಿಡಲಿಲ್ಲ.

“ಆ ಗಾಡಿ ಇನ್ನೂ ಓಡತೈತೇನ್ರಿ?” ಎಂದರು. ಆಮೇಲೆ, “ಬರ್ರಿ ಅಕ್ಕಾರ, ಕುಂದರ್ರಿ.”

ಒಳಗೆ ಒಬ್ಬ ಹೆಣ್ಣುಮಗಳು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಚಹಾಕ್ಕೆ ಇಡುತ್ತಿದ್ದಳು. ಅವರ ಸೊಸೆ. ಮಗ ಗೋವಾದಲ್ಲಿ ಕರೆಂಟಿನ ಕೆಲಸ ಮಾಡುತ್ತಾನಂತೆ. ಅಪಘಾತ ಆಗಿತ್ತೇ ಎಂದು ಕೇಳಿದ್ದಕ್ಕೆ ಮುದುಕರು, “ಸಣ್ಣದ್ರಿ. ಜಾಂಬೋಟಿ ರೋಡಿನ್ಯಾಗ ಗಾಡಿ ಜಾರಿ ಸೇತುವಿ ಕಟ್ಟಿಗೆ ಬಡದಿತ್ತ. ಏನೂ ಆಗಿಲ್ರಿ,” ಎಂದು ಮಾತು ಮುಗಿಸಿದರು.

ನಾನು ಬಂದ ಕಾರಣ ಹೇಳಿದೆ. ರೀಕಾಲ್ ಎಂದರೇನು, ಡಬ್ಬಿಯಲ್ಲಿ ಏನು ದೋಷ, ಒಡೆದರೆ ಹೇಗೆ ಕಬ್ಬಿಣದ ಚೂರು ಹಾರುತ್ತದೆ ಎಂದು ಶೋರೂಮಿನ ಹುಡುಗ ಹೇಳಿದಂತೆಯೇ ಹೇಳಿದೆ. ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಸುರಿದ ಸದ್ದಾಯಿತು. ಯಾರೂ ಇಳಿಸಲಿಲ್ಲ. ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದಳು.

“ಏನ ಹಾರತೈತಿ ಅಂದ್ರಿ ಅಕ್ಕಾರ?”

“ಕಬ್ಬಿಣದ ಚೂರು.”

ಅವಳು ಸೆರಗು ಸರಿಸಿದಳು. ಬಲಗಿವಿಯ ಕೆಳಗಿನಿಂದ ಕುತ್ತಿಗೆಯ ಬುಡದವರೆಗೆ ಗಾಯ ಮಾದ ಗುರುತು. ಅವ್ವ ನನ್ನ ಕೈ ಹಿಡಿದುಕೊಂಡಳು.

ಅವಳು ನಿಂತೇ ಹೇಳಿದಳು, ನಿಧಾನವಾಗಿ. ಅಂದು ಗಂಡ ಹೆಂಡತಿ ಇಬ್ಬರೇ ಗಾಡಿಯಲ್ಲಿದ್ದರು. ದಾರಿಯುದ್ದಕ್ಕೂ ಜಗಳ. ಮಳೆಯಲ್ಲಿ ಗಾಡಿ ಜಾರಿತು. ಅವಳು ಕಣ್ಣು ಮುಚ್ಚಿಕೊಂಡಳು.

“ಢಮ್ ಅಂತ. ಕಣ್ಣ ತಗದ್ರ ನನ್ನ ಎದಿ ತುಂಬ ರಕ್ತ. ಬಾಜು ಅವರಿದ್ರು. ಮತ್ತ್ಯಾರೂ ಇರಲಿಲ್ಲ. ಗಾಡಿ ಬಾಗಲಾ ಎಲ್ಲಾ ಹಾಕಿದ್ದೂವು, ಗ್ಲಾಸೂ ಒಡದಿರಲಿಲ್ಲ. ದವಾಖಾನ್ಯಾಗ ಇದು ಚೂರಿ ಹಾಕಿದ ಗಾಯ ಇದ್ದಂಗ ಐತಿ ಅಂದ್ರು. ಚೀಲ ಉಬ್ಬಿತ್ತಲ್ಲ ಅಂದ್ರ, ಚೀಲ ಜೀವಾ ಉಳಸ್ತೈತಿ, ಕೊಯ್ಯೂದಿಲ್ಲ ಅಂದ್ರು.”

ಗಂಡನ ಸ್ಕ್ರೂಡ್ರೈವರುಗಳು ಗಾಡಿಯಲ್ಲೇ ಇದ್ದವು. ಅವಳ ಅಣ್ಣಂದಿರು ಅವನೇ ತಿವಿದಿದ್ದಾನೆ ಎಂದರು. ಪೊಲೀಸರು ಅವಳನ್ನು ಕೇಳಿದರು.

“ನೀ ಏನ ಹೇಳಿದಿಯವ್ವಾ?” ಎಂದಳು ಅವ್ವ.

“ಗೊತ್ತಿಲ್ಲ ಅಂದೆ. ಖರೇನ ಗೊತ್ತಿರಲಿಲ್ರಿ. ಹೌದು ಅಂತನೂ ಅನ್ನಲಿಲ್ಲ, ಇಲ್ಲ ಅಂತನೂ ಅನ್ನಲಿಲ್ಲ. ಅಣ್ಣಂದಿರು ಕರದ್ರು, ಹೋಗಲಿಲ್ಲ. ಹೋದ್ರ ಹೌದು ಅಂದಂಗ ಆಗತಿತ್ತು.”

ಕೇಸು ಮುಂದೆ ಹೋಗಲಿಲ್ಲ. ಗಂಡ ಗೋವಾಕ್ಕೆ ಹೋದ. ಹಬ್ಬಕ್ಕೆ ಬರುತ್ತಾನೆ, ಹೊರಗಿನ ಕೋಣೆಯಲ್ಲಿ ಮಲಗುತ್ತಾನೆ, ಹೋಗುತ್ತಾನೆ. ಅವನು ಮನೆಯಲ್ಲಿದ್ದಾಗ ಅಡಿಗೆಮನೆಯ ಚಾಕುವನ್ನು ಅವಳು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳಂತೆ. ಮಾವನ ಮುಂದೆಯೇ ಅದನ್ನು ಹೇಳಿದಳು. ಮುದುಕರು ನೆಲ ನೋಡುತ್ತಿದ್ದರು.

ಕೊನೆಗೆ ಅವ್ವ ಸೀರೆಯ ಸಂಗತಿ ಎತ್ತಿದಳು. ಕುಂಕುಮ ಬಣ್ಣ, ಹಸಿರು ಅಂಚು.

“ನಂದಲ್ರಿ,” ಎಂದಳು ಅವಳು. “ನಾ ಅವತ್ತ ಹಳದಿ ಉಟ್ಟಿದ್ದೆ.” ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಯಾರಿಗೋ ಮಾರಿದ್ದರು, ಆಮೇಲೆ ಅದು ಎಷ್ಟು ಕೈ ದಾಟಿತೋ ಅವರಿಗೆ ತಿಳಿಯದು. ಆ ಸೀರೆ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾವು ಏಳುವಾಗ ಅವಳು ಮಾವನ ಫೋನು ತಂದು ನನ್ನ ಕೈಗಿತ್ತಳು. “ನೀವ ಹೇಳ್ರಿ ಅಕ್ಕಾರ ಅವರಿಗೆ. ನನಗ ಆಗೂದಿಲ್ಲ.”

ಫೋನಿನಲ್ಲಿ ನಾನು ಅವಳ ಗಂಡನಿಗೆ ಅದೇ ಮಾತನ್ನು ಮತ್ತೆ ಹೇಳಿದೆ. ಮದ್ದು, ಹಸಿ ಹವಾ, ಡಬ್ಬಿ, ಚೂರು. ಕಡೆಗೆ, “ಎಲ್ಲೈತ್ರಿ ಆ ಶೋರೂಮು?” ಎಂದಷ್ಟೇ ಕೇಳಿದ.

ಕಂಪನಿಯವರು ಬಹಳ ಓಡಾಡಿಸಿ, ಕಡೆಗೆ ನಮ್ಮ ಗಾಡಿಗೆ ಹೊಸ ಏರ್‌ಬ್ಯಾಗ್ ಹಾಕಲು ಒಪ್ಪಿದರು. ಅದನ್ನು ಹಾಕುವ ದಿನ ಆ ಗಂಡ ಹೆಂಡತಿ ಇಬ್ಬರೂ ಶೋರೂಮಿಗೆ ಬಂದರು. ಅವನು ಗೋವಾದಿಂದ, ಅವಳು ಖಾನಾಪುರದಿಂದ, ಬೇರೆ ಬೇರೆ ಬಸ್ಸಿನಲ್ಲಿ. ಅವನು ಸಣಕಲು ಮೈಯ, ಮೆಲುದನಿಯ ಮನುಷ್ಯ. ಬೇರೆ ಯಾರದೋ ಗಾಡಿಯಿಂದ ಬಿಚ್ಚಿದ ಹಳೆಯ ಡಬ್ಬಿ, ವಾಪಸು ಕಳಿಸಲೆಂದು ಪೆಟ್ಟಿಗೆಯಲ್ಲಿತ್ತು. ಕೌಂಟರಿನ ಹುಡುಗ ಅದನ್ನು ಮುಟ್ಟಲು ಬಿಡದೆ ದೂರದಿಂದ ತೋರಿಸಿದ. ಲೋಟದಷ್ಟಿತ್ತು. ಇಷ್ಟೇ ಇಷ್ಟು ವಸ್ತು.

ಅವನು ಅದರ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ಅವಳು ಅದನ್ನು ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು.

“ಹಂಗಾರ ನಾ ಅಲ್ಲ,” ಎಂದ ಅವನು, ಯಾರಿಗೂ ಅಲ್ಲದ ದನಿಯಲ್ಲಿ.

“ನಿಮಗ ಗೊತ್ತಿತ್ತಲ್ಲ,” ಎಂದಳು ಅವಳು.

“ಇಲ್ಲ. ಮೊದಲ ಗೊತ್ತಿತ್ತ. ಆಮ್ಯಾಲ ಎಲ್ಲಾರೂ ಅಂದ್ರು, ಅಂದ್ರು… ಕನಸಿನ್ಯಾಗ ನನ್ನ ಕೈಯಾಗ ಸ್ಕ್ರೂಡ್ರೈವರ್ ಇರತಿತ್ತ. ಸಿಟ್ಟಿನ್ಯಾಗ ಹಾಕಿರಬೇಕು, ನನಗ ನೆನಪಿಲ್ಲ ಅಂತ ತಿಳ್ಕೊಂಡಿದ್ದೆ.”

ಸೀರೆ ಕಂಡಾಗಲೂ ನನಗೆ ಇಷ್ಟು ಭಯವಾಗಿರಲಿಲ್ಲ. ಮಾಡದ ಕೆಲಸವನ್ನು ಮಾಡಿದ್ದೇನೆಂದು ನಂಬಿ ಒಬ್ಬ ಮನುಷ್ಯ ಅಷ್ಟು ದೂರದ ಊರಿನಲ್ಲಿ ಒಬ್ಬನೇ ಮಲಗಿ ಏಳುತ್ತಿದ್ದ. ಅದೇ ಹೊತ್ತಿಗೆ ಅದಕ್ಕೆ ಉತ್ತರವಾದ ಮೆಸೇಜು ಅವರದೇ ಮುಚ್ಚಿಹೋದ ಹಳೆಯ ಫೋನ್ ನಂಬರಿಗೆ ಮತ್ತೆ ಮತ್ತೆ ಹೋಗುತ್ತಲೇ ಇತ್ತು.

ಆಮೇಲೆ ಅವರಿಬ್ಬರೂ ವಕೀಲರೊಬ್ಬರ ಮೂಲಕ ಕಂಪನಿಗೆ ಬರೆದಿದ್ದಾರೆ. ಕುತ್ತಿಗೆ ಕೊಯ್ದುಹೋದ ಚೂರು ಬೇಕು ಎಂದು ಕಂಪನಿ ಕೇಳಿದೆ. ಅದು ಯಾರ ಕೈಗೂ ಸಿಕ್ಕಿರಲಿಲ್ಲ. ಏನಾಗುತ್ತದೋ ತಿಳಿಯದು.

ಅಂದು ಶೋರೂಮಿನ ಹೊರಗೆ ಮಳೆ ಹಿಡಿದಿತ್ತು. ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆ ಎಂದೆ. ಬೇಡವೆನ್ನುತ್ತಾರೆಂದುಕೊಂಡಿದ್ದೆ. ಅವ್ವ ಎಂದಿನಂತೆ ಹಿಂದೆ ಹತ್ತಿದಳು. ಅವನು ಗಾಡಿಯಿಂದ ಸ್ವಲ್ಪ ದೂರವೇ ನಿಂತ. ಅವಳು ನೇರ ಬಂದು ಮುಂದಿನ ಬಾಗಿಲು ತೆಗೆದು, ಆ ಸೀಟಿನಲ್ಲಿ ಕುಳಿತು, ಬೆಲ್ಟಿಗಾಗಿ ತಡಕಾಡಿದಳು. ಆಮೇಲೆ ಗಾಜು ಇಳಿಸಿ ಅವನಿಗೆ ಹೇಳಿದಳು:

“ಮಳ್ಯಾಗ ಯಾಕ ನಿಂತೀರಿ, ಹತ್ರಿ.”

ಅವನು ಹತ್ತಿ ಅವ್ವನ ಪಕ್ಕದಲ್ಲಿ ಕುಳಿತ. ನಾನು ಎಷ್ಟು ನಿಧಾನ ಓಡಿಸಿದೆನೆಂದರೆ ಹಿಂದಿನ ಆಟೋದವರೆಲ್ಲ ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದರು. ಸ್ಟ್ಯಾಂಡಿನಲ್ಲಿ ಇಳಿದು ಇಬ್ಬರೂ ಬೋರ್ಡು ನೋಡುತ್ತ ನಿಂತರು. ಖಾನಾಪುರದ ಬಸ್ಸು ಮೊದಲು ಬಂತು. ಅವಳು ಹತ್ತಿದಳು. ಅವನು ಗೋವಾ ಬಸ್ಸಿನ ಕಡೆಗೊಮ್ಮೆ ನೋಡಿ, ಚೀಲವನ್ನು ಹೆಗಲಿಗೇರಿಸಿ, ಅವಳ ಹಿಂದೆಯೇ ಹತ್ತಿದ.