ಅವ್ವನ ಪಾಲಿನ ನೀರು

ಮಸ್ಕಿಯ ನಮ್ಮ ಓಣಿಯ ಕಸ್ತೂರೆಮ್ಮ ಬೆಳಗಿನ ಲಿಂಗಪೂಜೆ ಮುಗಿಸಿ, ಚೊಂಬು ಹಿಡಿದು ಹಿತ್ತಲಿಗೆ ಬರುತ್ತಿದ್ದಳು. ಪತ್ರಿಗಿಡದ ಬುಡಕ್ಕೆ ಸ್ವಲ್ಪಸ್ವಲ್ಪವೇ ನೀರು ಬಿಡುತ್ತ, ತೀರಿಹೋದ ಹಿರಿಯರ ಹೆಸರು ಹೇಳುವಳು. ಮಾವ, ಅತ್ತೆ, ಗಂಡ, ಅಪ್ಪ. ತಳದಲ್ಲಿ ಒಂದು ಗುಟುಕು ಉಳಿದಾಗ ಸುಮ್ಮನಾಗುವಳು. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಆ ನೀರು ಅವ್ವನದು. ಅವ್ವನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಜ್ವರ ಬಂದರೂ ಮಳೆ ಹೊಯ್ದರೂ ಈ ನೇಮ ತಪ್ಪಲಿಲ್ಲ.

ಅವಳು ಮೊಲೆಗೂಸಾಗಿದ್ದಾಗಲೇ ತಾಯಿ ಸತ್ತಳಂತೆ. ವರ್ಷದೊಳಗೆ ಅಪ್ಪ ಅಮರಗುಂಡಪ್ಪ ಇನ್ನೊಂದು ಮದುವೆಯಾದ. ಸತ್ತ ಸವತಿಯ ಹೆಸರೆತ್ತಿದರೆ ಅವಳು ಹೊಸಬಳ ಮೈಮೇಲೆ ಬರುತ್ತಾಳೆ ಎಂಬ ಅಂಜಿಕೆ ಆ ಮನೆಯಲ್ಲಿ. ಯಾರೂ ಆ ಹೆಸರು ಆಡಲಿಲ್ಲ. ಕೇಳುವ ಧೈರ್ಯ ಕಸ್ತೂರೆಮ್ಮನಿಗೆ ಬರುವಷ್ಟರಲ್ಲಿ ಬಲ್ಲವರೆಲ್ಲ ಮಣ್ಣು ಸೇರಿದ್ದರು.

ಉಳಿದವನು ಹೆಳವ ಒಬ್ಬನೇ. ಸುಗ್ಗಿಯಾದ ಮೇಲೆ ಎತ್ತಿನ ಮೇಲೆ ಕೂತು ಬಂದು, ಅಂಗಳದಲ್ಲಿ ಮನೆತನದ ತಲೆಮಾರುಗಳನ್ನು ಹಾಡಿ, ಕಾಳು ಪಡೆದು ಹೋಗುವವನು. ತವರೂರು ಗೊರೇಬಾಳಕ್ಕೆ ಅವನು ಬರುವ ಹೊತ್ತಿಗೆ ಹೋಗಬೇಕೆಂದು ಇವಳು ಎಷ್ಟೋ ಸಲ ಅಂದುಕೊಂಡಿದ್ದಳು. ಸಂಸಾರ ಬಿಡಲಿಲ್ಲ. ರಜಾಕಾರರ ಗಲಾಟೆಯ ವರ್ಷ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ. ದಾರಿಯಲ್ಲೇ ತೀರಿಕೊಂಡನೆಂದೂ, ಅವನ ವಂಶಾವಳಿಯ ಕಟ್ಟುಗಳು ಈಗ ಲಿಂಗಸುಗೂರಿನ ವಾಚನಾಲಯದ ಕಪಾಟಿನಲ್ಲಿವೆಯೆಂದೂ ಐವತ್ತೆರಡನೇ ಇಸವಿಯಲ್ಲಿ ಸುದ್ದಿ ಬಂತು.

ನನ್ನನ್ನು ಜೊತೆ ಮಾಡಿಕೊಂಡು ಹೊರಟಳು. ಕಂಕುಳಲ್ಲಿ ಒಂದು ಜೋಳದ ಗಂಟು.

ವಾಚನಾಲಯ ನೋಡಿಕೊಳ್ಳುವ ಕನಕರಾಯ ಗಂಟು ನೋಡಿ ನಕ್ಕ. "ಏನ್ರಿ ಯವ್ವಾ, ಇಲ್ಲಿಂದ ಪುಸ್ತಕ ಒಯ್ದವರು ಅದನ್ನೂ ತಿರುಗಿ ತರೂದಿಲ್ಲ. ನೀವು ಜೋಳ ತಂದೀರಲ್ಲ."

"ಕೈ ಬೀಸಿಕೊಂಡು ಬಂದು ವಂಶ ಕೇಳಬಾರದಪ್ಪ. ಹೆಳವ ಇಲ್ಲ, ಓದಾವ ನೀನು. ನೀನ ತಗೋ."

ಅವನು ಕಟ್ಟು ಬಿಚ್ಚಿ ಧೂಳು ಒರೆಸಿದ. ಮಧ್ಯಾಹ್ನದ ಹೊತ್ತಿಗೆ ಗೊರೇಬಾಳದ ಮನೆತನ ಸಿಕ್ಕಿತು. ಕಸ್ತೂರೆಮ್ಮ ತಲೆಯ ಮೇಲೆ ಸೆರಗು ಹೊದ್ದು ಕೂತಳು. ಅವನು ಓದತೊಡಗಿದ.

"ಅಮರಗುಂಡಪ್ಪಗ ಮೊದಲು ಮುದಗಲ್ಲಿನ ಹೆಣ್ಣು ತಂದಾರ. ಹೆಣ್ಣಿನ ಜೋಡಿ ಒಂದು ಮಾಸ ಬಣ್ಣದ ಎತ್ತು ಬಂದೈತಿ. ಕೋಡು ಹಿಂದಕ್ಕ ಬಾಗ್ಯಾವ."

"ಹೆಣ್ಣಿನ ಹೆಸರು?"

ಅವನು ಹಾಳೆ ಹಿಂದೆ ಮುಂದೆ ತಿರುವಿದ. "ಬರದಿಲ್ರಿ."

"ಎತ್ತಿನ ಕೋಡು ಬರದಾನಲ್ಲ."

"ಬರದಾನ್ರಿ," ಅಂದವನು ತಲೆ ತಗ್ಗಿಸಿದ.

ಮರುವಾರ ನಾವು ಮುದಗಲ್ಲಿಗೆ ಹೋದೆವು. ಗೊರೇಬಾಳಕ್ಕೆ ಹೆಣ್ಣು ಕೊಟ್ಟ ಮನೆ ಯಾವುದೆಂದು ಕೇಳುತ್ತ ಹೋದರೆ, ಆ ಜಾಗದಲ್ಲಿ ಜಾಲಿ ಬೆಳೆದಿತ್ತು. ಪಕ್ಕದ ಮನೆಯ ಮುದುಕಿ ಮೈಮುನಾಬಿ ನೀರು ಕೊಟ್ಟು ಕೂರಿಸಿದಳು. "ಪ್ಲೇಗಿನಾಗ ಪೂರಾ ಮನಿ ಖಾಲಿ ಆತವ್ವ. ಮಗಳನ್ನ ಗೊರೇಬಾಳಕ್ಕ ಕೊಟ್ಟಿದ್ರಂತ ನಮ್ಮತ್ತಿ ಅಂತಿದ್ಲು. ಹೆಸರು ಖುದಾಗ ಗೊತ್ತು."

ಕಸ್ತೂರೆಮ್ಮ ಆ ಜಾಲಿಯ ಬುಡಕ್ಕೂ ಒಂದು ಗುಟುಕು ನೀರು ಬಿಟ್ಟಳು.

ಮತ್ತೆ ವಾಚನಾಲಯಕ್ಕೇ ಬಂದಳು. ಮುದಗಲ್ಲಿನ ಆ ಮನೆತನದ ಹಾಳೆಗಳೂ ಅದೇ ಕಟ್ಟುಗಳಲ್ಲಿದ್ದವು. ಕನಕರಾಯ ಎರಡು ಸಲ ಓದಿದ. ಅಣ್ಣತಮ್ಮಂದಿರ ಹೆಸರಿದ್ದವು, ಹೊಲಗಳ ಹೆಸರಿದ್ದವು.

"ಯವ್ವಾ, ಕೊಟ್ಟ ಹೆಣ್ಣು ಹೊರಗಿನವಳಾದ್ಲು ಅಂತ ಇವರು ಬರಸಿಲ್ಲ. ತಂದ ಹೆಣ್ಣು ಹೊರಗಿನವಳು ಅಂತ ಅವರು ಬರಸಿಲ್ಲ. ಹೆಳವ ಏನು ಮಾಡ್ಯಾನು."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದು ಅವನನ್ನು ಇನ್ನಷ್ಟು ಕಲಕಿತೆಂದು ಕಾಣುತ್ತದೆ. ಎದ್ದು ಬಾಗಿಲು ಸ್ವಲ್ಪ ಮುಂದೆ ಮಾಡಿ, ಗೊರೇಬಾಳದ ಹಾಳೆಯನ್ನು ಅವಳ ಮುಂದೆ ಇಟ್ಟ.

"ಇಲ್ಲಿ, ಮುದಗಲ್ಲಿನ ಹೆಣ್ಣು ಅಂದಲ್ಲಿ, ಬೆರಳಷ್ಟು ಜಾಗ ಐತ್ರಿ. ನಿಮ್ಮ ಮನಸಿಗೆ ಬಂದ ಹೆಸರು ಹೇಳ್ರಿ, ಬರೀತೀನಿ. ಆದಮ್ಮ ಅನ್ರಿ, ಗಂಗಮ್ಮ ಅನ್ರಿ. ಯಾರೂ ಕೇಳಂಗಿಲ್ಲ. ನಾಳಿಂದ ಬಾಯಿ ತುಂಬ ಕರದು ನೀರು ಬಿಡ್ರಿ."

ಕಸ್ತೂರೆಮ್ಮ ಆ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ಹಾಳೆಯನ್ನು ಅವನ ಕಡೆಗೆ ಸರಿಸಿದಳು.

"ನೀ ಭಾಳ ಛಲೋ ಮನುಷ್ಯ ಅದಿ ತಮ್ಮಾ. ಆದ್ರ ಬ್ಯಾಡ. ಬಾಯಿಗೆ ಬಂದ ಹೆಸರು ಹಿಡದು ಕರದ್ರ ಇನ್ಯಾರದೋ ಅವ್ವ ತಿರುಗಿ ನೋಡ್ತಾಳ. ನಮ್ಮವ್ವ ಅಲ್ಲೇ ನಿಂತಿರ್ತಾಳ, ಮಗಳು ಇವತ್ತೂ ಕರೀಲಿಲ್ಲ ಅಂತ. ಹೆಸರಿಲ್ಲದ ಗುಟುಕು ತನ್ನದ ಅಂತ ಅಕಿಗೆ ಗೊತ್ತೈತಿ. ಕಟ್ಟು ಕಟ್ಟಿಬಿಡು."