ಮರಿಯ ಜತೆ ನಾನೂ ಕುಳಿತೆ

"ಅತ್ರ ಬಿಡ್ಬೇಡಿ, ಅದನ್ನ ಅತ್ರ ಬಿಡ್ಬೇಡಿ" ಎನ್ನುತ್ತಾ ಎದುರುಮನೆಯ ಜಯಮ್ಮನವರು ಕಾಂಪೌಂಡ್ ಗೋಡೆಗೆ ಒರಗಿ ನಿಂತುಬಿಟ್ಟರು. ಅವರೆದುರು ನಮ್ಮ ನಾಯಿಮರಿ ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡು ನಡುಗುತ್ತಿತ್ತು.

ಮರಿಗೆ ಜನ, ಗಾಡಿಗಳ ಸದ್ದು ರೂಢಿಯಾಗಬೇಕೆಂದು ವೈದ್ಯರು ಹೇಳಿದ್ದರಿಂದ ಸಂಜೆ ಹೊತ್ತು ಕೆಂಪಾಪುರದ ನಮ್ಮ ರಸ್ತೆಯಲ್ಲಿ ಸುತ್ತಾಡಿಸುತ್ತಿದ್ದೆ. ಅದು ಆಟೊ ಬಂದರೂ ಹೆದರಿ ಕೂರುತ್ತಿತ್ತು, ಮಕ್ಕಳು ಓಡಿದರೂ ಕೂರುತ್ತಿತ್ತು. ಜಯಮ್ಮನವರಿಗೋ, ಹಿಂದೊಮ್ಮೆ ಬೀದಿನಾಯಿ ಕಚ್ಚಿದಾಗಿನಿಂದ ನಾಯಿಯೆಂದರೆ ಪ್ರಾಣಭಯ. ಆಫೀಸು, ಅಡುಗೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಎಲ್ಲ ಮುಗಿಸಿ ಬಂದಿದ್ದ ನನಗೆ ಅಂದು ಮರಿಯನ್ನು ಎತ್ತಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಯಾರದೋ ಗೇಟಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕಾರಣವಿಲ್ಲದೆ ಕಣ್ಣಲ್ಲಿ ನೀರು ಬಂತು.

ಸ್ವಲ್ಪ ಹೊತ್ತಿಗೆ ಹೆಗಲ ಮೇಲೊಂದು ಕೈ ಬಿತ್ತು. "ಯಾಕವ್ವಾ ಇಂಗೆ ಕುಂತ್ಬುಟ್ಟೆ? ಉಷಾರಿಲ್ವಾ?" ನಾಯಿಯ ನೆನಪೇ ಇಲ್ಲದವರಂತೆ ಜಯಮ್ಮನವರು ಮರಿಯ ಪಕ್ಕದಿಂದಲೇ ದಾಟಿ ಬಂದಿದ್ದರು.

"ಸುಸ್ತಮ್ಮಾ, ಅಷ್ಟೇ" ಎಂದೆ. ಅವರು ಪಕ್ಕದಲ್ಲೇ ಕುಳಿತರು. ಮರಿ ಮೆಲ್ಲಗೆ ಬಂದು ಅವರ ಸೀರೆಯಂಚು ಮೂಸಿದಾಗ ಬೆಚ್ಚಿ ಕಾಲು ಎಳೆದುಕೊಂಡರೇ ಹೊರತು ಎದ್ದು ಹೋಗಲಿಲ್ಲ. ನನ್ನ ಬೆನ್ನು ಸವರುತ್ತಲೇ ಇದ್ದರು.

ಈಗ ಸಂಜೆ ಅವರೂ ನಮ್ಮೊಡನೆ ಬರುತ್ತಾರೆ. ಮರಿಯನ್ನು ಇನ್ನೂ ಮುಟ್ಟಿಲ್ಲ. ಇಬ್ಬರ ನಡುವೆ ನಾನಿರಲೇಬೇಕು. ಮನೆಯ ಕೆಲಸವೇನೂ ಕಡಿಮೆಯಾಗಿಲ್ಲ, ದಣಿವೂ ಹಾಗೆಯೇ ಇದೆ. ಆದರೆ "ಏನಾದ್ರೂ ತಿಂದ್ಯಾ?" ಎಂದು ನನ್ನನ್ನು ಕೇಳುವವರು ಒಬ್ಬರಿದ್ದಾರೆ.