ಖಾಲಿ ಬಸ್ಸಿನ ಹೆಂಗಸರು

ನನ್ನ ಭಾಮೈದ ನಾಗಭೂಷಣ್ ತುಮಕೂರಿನ ಹೊಗೆಯನ್ನು ಕಂಪ್ಯೂಟರಿನಲ್ಲಿ ಕಡಿಮೆ ಮಾಡುವ ಕೆಲಸದಲ್ಲಿದ್ದಾನೆ. ಹೊರಗೆ ಕಡಿಮೆಯಾಗುವುದು ಅವನ ಇಲಾಖೆಗೆ ಬರುವುದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ನಡುವೆ ಓಡಾಡುವ ಬಸ್ಸು, ಲಾರಿ, ಆಟೊಗಳನ್ನೆಲ್ಲ ಅಂಕಿಗಳಾಗಿಸಿ, ಹೀಗೆ ಮಾಡಿದರೆ ಇಷ್ಟು ಇಂಗಾಲ ತಗ್ಗೀತು, ಹಾಗೆ ಮಾಡಿದರೆ ಅಷ್ಟು ಎಂದು ಹೇಳಬೇಕು. ಇದಕ್ಕೆ ಮಾಡೆಲ್ ಎನ್ನುತ್ತಾರೆ. ಅವನು ಸ್ವಂತ ಗಾಡಿಯನ್ನೇ ಇಟ್ಟಿಲ್ಲ. ಬೀದಿಕೊನೆಯಿಂದ ಹಾಲು ತರಲೂ ಸ್ಕೂಟರ್ ಹತ್ತುವ ನಾನು ಅವನೆದುರು ಹೊಟ್ಟೆ ಒಳಗೆಳೆದುಕೊಂಡು ಕೂರುತ್ತೇನೆ.

ಯಾರೊಡನೆಯೂ ಏರುದನಿಯಲ್ಲಿ ಮಾತಾಡಿದವನಲ್ಲ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡು ತಾನೇ ಸಾರಿ ಎನ್ನುವವನು.

ಅವನು ಬರೆದುಕೊಟ್ಟ ದಾರಿಗಳು ಮೂರು: ವಿದ್ಯುತ್ ಬಸ್ಸು ತರುವುದು, ಬಸ್ಸು ಹೆಚ್ಚಿಸಿ ಬೈಕಿನವರನ್ನು ಅದಕ್ಕೆ ಹತ್ತಿಸುವುದು, ಖಾಲಿ ಓಡುವ ಬಸ್ಸು ನಿಲ್ಲಿಸುವುದು. ಮೇಲಿನವರಿಗೆ ಕೊನೆಯದೇ ಹಿಡಿಸಿತು. ಅದಕ್ಕೆ ಏನನ್ನೂ ಕೊಳ್ಳಬೇಕಾಗಿರಲಿಲ್ಲ. ಹಾಗೆ ಮೊದಲು ನಿಂತದ್ದು ಕುಣಿಗಲ್ಲಿನಿಂದ ಹೆಬ್ಬೂರು, ಗೂಳೂರಿನ ಮೇಲೆ ಬೆಳಗಿನ ಜಾವ ತುಮಕೂರಿಗೆ ಬರುವ ಬಸ್ಸು.

ನಮ್ಮತ್ತೆ ವನಜಮ್ಮ, ಅಂದರೆ ಇವನ ತಾಯಿ, ಹೆಬ್ಬೂರಿನಿಂದ ಹೂವಿನ ಮಂಕರಿ ತರುತ್ತಿದ್ದುದು ಅದರಲ್ಲೇ. ತುಮಕೂರಿನ ಬಟವಾಡಿಯಲ್ಲಿ ಒಂದು ಕ್ಲಿನಿಕ್ಕಿನ ಮುಂದೆ ಹೊಂಗೆ ಮರದ ಕೆಳಗೆ ಅವರ ಜಾಗ. ಯಾರೂ ಬರೆದುಕೊಟ್ಟದ್ದಲ್ಲ, ಮೊದಲು ಬಂದು ಕೂತವರದ್ದು. ಮಗ ಸಂಬಳ ತರುತ್ತಾನಲ್ಲ ಎಂದರೆ, "ಅವನ ಸಂಬ್ಳ ಅವನ್ದು, ನನ್ ಹೂವ ನಂದು" ಎನ್ನುವ ಹೆಂಗಸು.

ಬಸ್ಸು ನಿಂತ ದಿನ ನಾನು ನಾಗಭೂಷಣನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಫೋನಿನಲ್ಲಿ ಅತ್ತೆಯ ದನಿ ನನ್ನವರೆಗೂ ಕೇಳಿಸಿತು.

"ಬಸ್ಸೇ ಬರ್ಲಿಲ್ವಲ್ಲೋ! ಯಾವನ್ಲಾ ನಿಲ್ಸಿದ್ದು?"

"ಅದು ಖಾಲಿ ಬರ್ತಿತ್ತಮ್ಮಾ. ಏಳೆಂಟು ಜನ ಅಷ್ಟೇ."

"ಏಳೆಂಟು ಗಂಡಸ್ರು ಕಣೋ! ನಾನು, ಚಿಕ್ಕಮಾರಮ್ಮ, ಗಾರ್ಮೆಂಟ್ಸ್ ಹುಡ್ಗೀರು, ಆಸ್ಪತ್ರೆ ಆಯಾಗಳು, ಕಾಲಿಡಕ್ ಜಾಗ ಇಲ್ದಂಗೆ ನಿಂತ್ಕಂಡ್ ಬರ್ತಿದ್ವಲ್ಲ, ನಾವೇನ್ ದೆವ್ವಗಳಾ?"

ಅವನು ಲ್ಯಾಪ್‌ಟಾಪ್ ತೆರೆದ. ಟಿಕೆಟ್ ಯಂತ್ರದ ಅಂಕಿಗಳನ್ನು ಮಾಡೆಲ್ಲಿಗೆ ಉಣಿಸುವ ಮೊದಲು ತಪ್ಪುಗಳನ್ನು ತೆಗೆದು ಸ್ವಚ್ಛ ಮಾಡುವುದು ಆ ವೃತ್ತಿಯ ಪದ್ಧತಿ. ದರದ ಜಾಗದಲ್ಲಿ ಸೊನ್ನೆ ಇದ್ದ ಟಿಕೆಟ್ಟುಗಳನ್ನೆಲ್ಲ ಯಂತ್ರದ ದೋಷವೆಂದು ಅವನು ಒಂದೇ ಏಟಿಗೆ ಅಳಿಸಿದ್ದ. ಹೆಂಗಸರಿಗೆ ಬಸ್ಸು ಉಚಿತ. ಕಂಡಕ್ಟರು ಅವರಿಗೆ ಕೊಡುವುದೇ ಸೊನ್ನೆ ಟಿಕೆಟ್ಟು. ಮೂರೂ ಊರಿನ ಹೆಂಗಸರು ಹೀಗೆ ಸ್ವಚ್ಛವಾಗಿದ್ದರು, ಹೆತ್ತವಳೂ ಸೇರಿ.

ಅಳಿಸಿದವರನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದ. ಅವರೆಲ್ಲ ಲಗೇಜ್ ಆಟೊ, ಬೈಕು ಹತ್ತಿದರೆ ಹೊಗೆ ಮೊದಲಿಗಿಂತ ಹೆಚ್ಚು. ಅದನ್ನು ಹಿಡಿದು ಮೇಲಧಿಕಾರಿ ಗುರುಪ್ರಕಾಶರ ಬಳಿ ಹೋದರೆ, "ಒಳ್ಳೇ ಪಾಯಿಂಟು, ಮುಂದಿನ ವರ್ಷದ ವರದಿಗೆ ಹಾಕೋಣ" ಎಂದರಂತೆ. ಬಸ್ಸುಗಳ ವೇಳೆ ನೋಡಿಕೊಳ್ಳುವ ರಂಗನಾಥ್ ಬಳಿಗೆ ನಾನೂ ಜೊತೆಗೆ ಹೋದೆ.

"ನಮ್ ಕೈಲೇನಿಲ್ಲ ಸಾರ್. ಯಾರೋ ಕಂಪ್ಯೂಟರಲ್ಲಿ ಲೆಕ್ಕ ಹಾಕವ್ರೆ."

"ಆ ಯಾರೋ ನಾನೇ," ಎಂದ ನಾಗಭೂಷಣ್. "ತಪ್ಪಾಗಿದೆ."

"ಅಯ್ಯೋ, ಆರ್ಡರ್ ಆಗೋಗಿದೆಯಲ್ಲ ಸಾರ್. ನೀವೇ ಹಿಂಗಂದ್ರೆ ನಾವ್ ಯಾರ್ನ ನಂಬೋದು?"

ಅತ್ತೆಯನ್ನು ನಾನೊಂದು ದಿನ ಸ್ಕೂಟರಿನಲ್ಲಿ ಕರೆತಂದೆ. ಮಂಕರಿ ಹಿಡಿದು ಕೂತ ಅವರಿಗೇನೂ ಆಗಲಿಲ್ಲ. ಗೂಳೂರು ದಾಟುವಷ್ಟರಲ್ಲಿ ಹೂವಿಗಿಂತ ಮೊದಲು ನಾನು ಬಾಡಿದ್ದೆ. ಆಮೇಲೆ ಅವರು ಎರಡನೇ ಬಸ್ಸಿಗೇ ಬರತೊಡಗಿದರು. ಹೊಂಗೆಯ ಕೆಳಗೆ ಅಷ್ಟರಲ್ಲಿ ಹೆಲ್ಮೆಟ್ ಮಾರುವವನೊಬ್ಬ ಅಂಗಡಿ ಹರಡಿರುತ್ತಿದ್ದ.

"ನೀನೇ ಕೇಳೋ, ಆಫೀಸ್ನಾಗೆ ಇರೋನು," ಎಂದರು ಅತ್ತೆ. ಮಗ ಕೇಳಿದ.

"ಜಾಗ ಯಾರಪ್ಪಂದು ಸಾರ್? ಅಮ್ಮ ನನಗಿಂತ ಬೇಗ ಬರ್ಲಿ, ಮಾತಾಡ್ದೆ ಎದ್ದೋಯ್ತೀನಿ."

ಬೇಗ ಬರುವ ದಾರಿಯೊಂದು ಬಿಟ್ಟು ಉಳಿದ ದಾರಿಗಳೆಲ್ಲ ನಾಗಭೂಷಣನಿಗೆ ಗೊತ್ತಿದ್ದವು.

ಅತ್ತೆ ರಸ್ತೆಯಾಚೆ ಬಿಸಿಲಿನಲ್ಲಿ ಗೋಣಿಚೀಲ ಹಾಸಿ, ಹೂವಿಗೆ ನೀರು ಚಿಮುಕಿಸಿದರು. "ಬುಡು ಮಗ, ಆಫೀಸ್ಗೆ ಹೊತ್ತಾಯ್ತದೆ, ಹೋಗು."

ಅವನು ಹೋಗಲಿಲ್ಲ. ಸೇವಂತಿಗೆಯ ಮೇಲೆ ತನ್ನ ನೆರಳು ಬೀಳುವ ಹಾಗೆ ನಿಂತ. ಬಿಸಿಲು ಸರಿದಂತೆ ಅವನೂ ಅಷ್ಟಷ್ಟೇ ಸರಿಯುತ್ತಿದ್ದ.